ಕೊನೆಗೌಡರ ಹಿಮ್ಮಡಿ: ಅಡಿಕೆ ಮರದಿಂದ ಬಿದ್ದ ಒಬ್ಬರ ಪ್ರಕರಣ

ಅವರು ಫಿಸಿಯೋಥೆರಪಿಗೆ ನನ್ನ ಹತ್ತಿರ ಬಂದಿದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಮರದಿಂದ ಬಿದ್ದು ಆಗಲೇ ಏಳು ವಾರ ಆಗಿತ್ತು. ಎರಡೂ ಕಂಕುಳಲ್ಲಿ ಊರುಗೋಲು. ಎಡಗಾಲು ಮಂಡಿಯಲ್ಲಿ ಮಡಚಿಕೊಂಡು ನೇತಾಡುತ್ತಿತ್ತು. ಪಾದಕ್ಕೆ ಹಳೆ ಪಂಚೆಯ ತುಂಡು ಸುತ್ತಿದ್ದರು. ಹಿಂದೆ ಹೆಂಡತಿ, ಕೈಯಲ್ಲಿ ಎಕ್ಸ್‌ರೇ ಕವರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು: "ಮೇಡಂ, ನಾನು ಮತ್ತೆ ಮರ ಹತ್ತಬಹುದಾ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಮೂರು ತಿಂಗಳು ಹಿಡಿಯಿತು. ಅದಕ್ಕೆ ಗಾಯದ ಸ್ವರೂಪ ಒಂದು ಕಾರಣ. ನಾನು ಮೊದಲ ದಿನವೇ ನೋಡಬೇಕಿದ್ದ ಒಂದು ವಿಷಯವನ್ನು ನೋಡದೆ ಬಿಟ್ಟಿದ್ದು ಇನ್ನೊಂದು ಕಾರಣ. ಕಾಲಿನ ಪೆಟ್ಟು, ಆಪರೇಷನ್ ಅಂದರೆ ಮಂಡಿಯ ಬಗ್ಗೆಯೇ ಎಲ್ಲರೂ ಬರೆಯುತ್ತಾರೆ. ಹಿಮ್ಮಡಿ ಮೂಳೆಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ನಮ್ಮ ಮಲೆನಾಡಿನಲ್ಲಿ ಮಾತ್ರ ಈ ಪೆಟ್ಟು ಪ್ರತಿ ಮಳೆಗಾಲದಲ್ಲೂ ಕಾಣಿಸುತ್ತದೆ. ಹಾಗಾಗಿ ಇದನ್ನು ಪೂರ್ತಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟಿದ್ದೇನೆ.

ಬಿದ್ದದ್ದು ಹೇಗೆ

ಅವರಿಗೆ 41 ವರ್ಷ. ಶಿವಮೊಗ್ಗ ಜಿಲ್ಲೆಯವರು. ಹದಿನೆಂಟನೇ ವಯಸ್ಸಿನಿಂದ ಅಡಿಕೆ ಮರ ಹತ್ತುವುದೇ ಕೆಲಸ. ನಮ್ಮ ಕಡೆ ಇವರನ್ನು ಕೊನೆಗೌಡ ಅನ್ನುತ್ತೇವೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮಳೆ ಮುಗಿದ ಮೇಲೆ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾರೆ. ಔಷಧಿ ಹೊಡೆಯಲೇಬೇಕಾದ ಕಾಲವೂ ಮರ ಜಾರುವ ಕಾಲವೂ ಒಂದೇ ಆಗಿರುವುದು ಈ ಕೆಲಸದ ದೊಡ್ಡ ಕಷ್ಟ.

ಜುಲೈ ಕೊನೆಯ ವಾರ ಎರಡು ದಿನ ಮಳೆ ಬಿಡುವು ಕೊಟ್ಟಿತ್ತು. ಆ ಎರಡು ದಿನದಲ್ಲಿ ಆದಷ್ಟು ಮರ ಮುಗಿಸುವ ಆತುರ. ಇಳಿಯುವಾಗ, ನೆಲ ಇನ್ನು ಹದಿನೈದು ಅಡಿ ಇದೆ ಅನ್ನುವಾಗ, ಪಾಚಿ ಕಟ್ಟಿದ ಜಾಗದಲ್ಲಿ ಕಾಲಿನ ತಳೆ (ಮರ ಹತ್ತಲು ಪಾದಗಳಿಗೆ ಸಿಕ್ಕಿಸಿಕೊಳ್ಳುವ ಬಳೆ) ಜಾರಿತು. ನೆಟ್ಟಗೆ ಕಾಲ ಮೇಲೇ ಬಿದ್ದರು. ಬಲಗಾಲು ಮೆತ್ತನೆ ಮಣ್ಣಿಗೆ, ಎಡ ಹಿಮ್ಮಡಿ ಬಸಿಗಾಲುವೆಯ ಅಂಚಿನ ಕಲ್ಲಿಗೆ.

ಇಲ್ಲಿ ಮೂಳೆಗಳ ಜೋಡಣೆ ಸ್ವಲ್ಪ ತಿಳಿದುಕೊಳ್ಳಬೇಕು. ಮೊಳಕಾಲಿನ ಮೂಳೆಯ ಕೆಳಗೆ ಟೇಲಸ್ ಎಂಬ ಮೂಳೆ ಇದೆ. ಅದರ ಕೆಳಗೆ ಹಿಮ್ಮಡಿ ಮೂಳೆ, ಅಂದರೆ ಕ್ಯಾಲ್ಕೇನಿಯಸ್. ಮೇಲಿನಿಂದ ಬಿದ್ದಾಗ ಮೈಯ ಭಾರವೆಲ್ಲ ಟೇಲಸ್ ಮೇಲೆ ಬರುತ್ತದೆ. ಟೇಲಸ್ ಕೆಳಗಿನ ಮೂಳೆಯನ್ನು ಬೆಣೆಯ ಹಾಗೆ ಸೀಳುತ್ತದೆ. ಹಿಮ್ಮಡಿ ಮೂಳೆಗೆ ಹೊರಗೆ ತೆಳ್ಳನೆ ಚಿಪ್ಪು, ಒಳಗೆ ಜೇನುಗೂಡಿನಂಥ ಜಾಲರಿ. ಆದ್ದರಿಂದ ಅದು ಬರೀ ಬಿರುಕು ಬಿಡುವುದಿಲ್ಲ, ಕುಸಿಯುತ್ತದೆ. ಎತ್ತರ ಕಡಿಮೆಯಾಗಿ ಅಗಲ ಜಾಸ್ತಿ ಆಗುತ್ತದೆ. ಈ ಮೂಳೆಯ ಮುರಿತಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು, ಅದು ಟೇಲಸ್ ಜೊತೆ ಸೇರುವ ಕೀಲಿನ ಒಳಗೇ ಹೋಗಿರುತ್ತವೆ. ಆ ಕೀಲಿನ ಹೆಸರು ಸಬ್‌ಟೇಲಾರ್ ಕೀಲು. ಈ ಪ್ರಕರಣ ಪೂರ್ತಿ ನಿಂತಿರುವುದು ಅದರ ಮೇಲೆ.

ಎತ್ತರದಿಂದ ಕಾಲ ಮೇಲೆ ಬಿದ್ದವರ ಬೆನ್ನನ್ನೂ ನೋಡಲೇಬೇಕು. ಹಿಮ್ಮಡಿ ಮುರಿದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ಸೊಂಟದ ಬೆನ್ನುಮೂಳೆಯೂ ಮುರಿದಿರುತ್ತದೆ. ಕಾಲಿನ ನೋವಿನಲ್ಲಿ ಬೆನ್ನಿನ ನೋವು ಗೊತ್ತೇ ಆಗುವುದಿಲ್ಲ. ಇವರಿಗೆ ಬೆನ್ನಿನ ಎಕ್ಸ್‌ರೇ ಮೊದಲ ದಿನವೇ ಆಗಿತ್ತು, ಅದರಲ್ಲಿ ಏನೂ ಇರಲಿಲ್ಲ. ಇನ್ನೊಂದು ಪಾದವನ್ನೂ ನೋಡಿದ್ದರು. ಒಳ್ಳೆಯ ಕೆಲಸ.

ಆಪರೇಷನ್

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಯ ಮೇಲೆ ಎರಡು ಗೆರೆ ಎಳೆದು ಒಂದು ಕೋನ ಅಳೆಯುತ್ತಾರೆ. ಆಸ್ಟ್ರಿಯಾದ ಸರ್ಜನ್ ಲೊರೆಂಟ್ಸ್ ಬೋಲರ್ ಅವರ ಹೆಸರಿನಲ್ಲಿ ಅದನ್ನು ಬೋಲರ್ ಕೋನ ಅನ್ನುತ್ತಾರೆ. ಸಾಮಾನ್ಯವಾಗಿ ಅದು 20ರಿಂದ 40 ಡಿಗ್ರಿ ಇರುತ್ತದೆ. ಇವರ ಬಲಗಾಲಲ್ಲಿ 31 ಡಿಗ್ರಿ, ಎಡಗಾಲಲ್ಲಿ 6 ಡಿಗ್ರಿ. ಸಿಟಿ ಸ್ಕ್ಯಾನಿನಲ್ಲಿ ಕೀಲಿನ ಮೇಲ್ಮೈ ಎರಡು ಮುಖ್ಯ ತುಂಡಾಗಿತ್ತು. ತುಂಡುಗಳ ಲೆಕ್ಕದಲ್ಲಿ ಮಾಡುವ ಸ್ಯಾಂಡರ್ಸ್ ವಿಂಗಡಣೆಯಲ್ಲಿ ಅದು ಎರಡನೇ ಬಗೆ.

ಇಂಥ ಮುರಿತಕ್ಕೆ ಆಪರೇಷನ್ ಬೇಕೇ ಬೇಕಾ? ಸರ್ಜನ್‌ಗಳಲ್ಲೇ ಇದಕ್ಕೆ ಒಂದೇ ಉತ್ತರ ಇಲ್ಲ. 2002ರಲ್ಲಿ ಕೆನಡಾದಿಂದ 424 ರೋಗಿಗಳ ಅಧ್ಯಯನ ಬಂತು. ಒಟ್ಟಾರೆ ನೋಡಿದರೆ ಆಪರೇಷನ್ ಆದವರಿಗೂ ಆಗದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಕೆಲಸಗಾರರ ಪರಿಹಾರ ಪಡೆಯುತ್ತಿದ್ದವರನ್ನು ಬಿಟ್ಟು ಲೆಕ್ಕ ಹಾಕಿದಾಗ ಆಪರೇಷನ್ ಆದವರ ಸ್ಥಿತಿ ಚೆನ್ನಾಗಿತ್ತು. 2014ರಲ್ಲಿ ಬ್ರಿಟನ್ನಿನ 22 ಆಸ್ಪತ್ರೆಗಳ 151 ರೋಗಿಗಳ ಅಧ್ಯಯನ ಪ್ರಕಟವಾಯಿತು. ಎರಡು ವರ್ಷದ ನಂತರ ನೋವಿನಲ್ಲಾಗಲಿ ಕೆಲಸದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ತೊಂದರೆಗಳು ಮಾತ್ರ ಆಪರೇಷನ್ ಆದವರಲ್ಲಿ ಜಾಸ್ತಿ. ಆದರೆ ಹಿಮ್ಮಡಿ ತೀರಾ ವಿಕಾರವಾಗಿ ಅಗಲವಾದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಇವರ ಹಿಮ್ಮಡಿ ಹೊರಗಡೆಗೆ ಉಬ್ಬಿ ಹೊರಗಿಣ್ಣಿನ ಮೂಳೆಗೆ ತಾಗುವಷ್ಟು ಬಂದಿತ್ತು. ಸರ್ಜನ್ ಆಪರೇಷನ್ ಆರಿಸಿಕೊಂಡಿದ್ದು ಸರಿಯೆಂದೇ ನನ್ನ ಅನಿಸಿಕೆ.

ಬಿದ್ದ ದಿನವೇ ಕೊಯ್ಯಲಿಲ್ಲ. ಪಾದ ಕುಂಬಳಕಾಯಿಯಂತೆ ಊದಿತ್ತು, ನೀರುಗುಳ್ಳೆ ಎದ್ದಿತ್ತು. ಊತ ಇಳಿದು ಚರ್ಮ ನಿರಿಗೆ ಕಟ್ಟುವ ತನಕ ಕಾಯಬೇಕು. ಹನ್ನೆರಡನೇ ದಿನ ಆಪರೇಷನ್ ಆಯಿತು. ಪಾದದ ಹೊರಬದಿಯಲ್ಲಿ ಎಲ್ ಅಕ್ಷರದ ಆಕಾರದಲ್ಲಿ ಕೊಯ್ದು, ಕುಸಿದ ತುಂಡನ್ನು ಎತ್ತಿ, ಪ್ಲೇಟು ಮತ್ತು ಸ್ಕ್ರೂ ಹಾಕಿದ್ದರು. ಕೋನ 6ರಿಂದ 26 ಡಿಗ್ರಿಗೆ ಬಂತು.

ಈ ಎಲ್ ಆಕಾರದ ಮೂಲೆ ಇದೆಯಲ್ಲ, ಅಲ್ಲಿಗೆ ರಕ್ತ ಕಡಿಮೆ. ಗಾಯ ಮಾಯದೆ ಕೈಕೊಡುವುದು ಅಲ್ಲೇ. ಬೀಡಿ ಸೇದುವವರಲ್ಲಿ ಇನ್ನೂ ಹೆಚ್ಚು. ಇವರು ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದರು. ಹೆಂಡತಿ ಆಸ್ಪತ್ರೆಯಲ್ಲೇ ಕಟ್ಟನ್ನು ಕಿತ್ತು ಎಸೆದರಂತೆ. ಆದರೂ ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಜಾಗ ಕಪ್ಪಾಗಿ, ಮಾಯಲು ಐದು ವಾರ ಹಿಡಿಯಿತು. ಪುಣ್ಯಕ್ಕೆ ಕೀವಾಗಲಿಲ್ಲ.

ಕಳೆದುಹೋದ ವಾರಗಳು

ಡಿಸ್ಚಾರ್ಜ್ ಆಗುವಾಗ ಅವರಿಗೆ ಹೇಳಿದ್ದು ಒಂದೇ ಮಾತು. "ಕಾಲು ಊರಬೇಡಿ." ಅವರು ಅದನ್ನು "ಕಾಲು ಅಲ್ಲಾಡಿಸಬೇಡಿ" ಎಂದು ತಿಳಿದರು. ಮೂರನೇ ವಾರ ಹೊಲಿಗೆ ಬಿಚ್ಚಿ ಪಟ್ಟಿ ತೆಗೆದ ಮೇಲೂ ಪಾದವನ್ನು ಬಟ್ಟೆಯಲ್ಲಿ ಬಿಗಿದು, ಮಂಚದಿಂದ ಕೆಳಗೆ ಇಳಿಬಿಟ್ಟು ಕೂತರು. ಹೆಬ್ಬೆರಳನ್ನು ಕೂಡ ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದರೆ ಸ್ಕ್ರೂ ಸಡಿಲ ಆಗುತ್ತದೆ ಎಂಬ ಹೆದರಿಕೆ.

ಇದು ರೋಗಿಯ ತಪ್ಪಲ್ಲ. ಊರುವುದು ಬೇರೆ, ಆಡಿಸುವುದು ಬೇರೆ. ಗಾಯದ ಅಂಚು ಕೂಡಿಕೊಂಡ ಮೇಲೆ ಭಾರ ಹಾಕದೆ ಪಾದವನ್ನು ಆಡಿಸುತ್ತಲೇ ಇರಬೇಕು, ಇಲ್ಲವಾದರೆ ಸಬ್‌ಟೇಲಾರ್ ಕೀಲು ಬಿಗಿದುಕೊಳ್ಳುತ್ತದೆ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ಯಾರೂ ಕೊಡಲಿಲ್ಲ. ಫಿಸಿಯೋಥೆರಪಿಗೆ ಕಳಿಸುವ ಚೀಟಿಯೂ ಇರಲಿಲ್ಲ. ನನ್ನ ಹತ್ತಿರ ಬಂದಿದ್ದು ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಹೇಳಿದ್ದರಿಂದ. ಈಗಲೂ ಇದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ.

ಏಳನೇ ವಾರ ನಾನು ಕಂಡದ್ದು

ಪಾದ ಬೆಚ್ಚಗಿತ್ತು. ಎಂಟರ ಆಕಾರದಲ್ಲಿ ಟೇಪು ಸುತ್ತಿ ಅಳೆದಾಗ ಬಲಕ್ಕಿಂತ 2.5 ಸೆಂಟಿಮೀಟರ್ ದಪ್ಪ. ಮೀನಖಂಡ ಬಲಕ್ಕಿಂತ 3 ಸೆಂಟಿಮೀಟರ್ ಸಣ್ಣ. ಮೊದಲು ಮೀನಖಂಡ ಒತ್ತಿ ನೋಡಿ, ರಕ್ತ ಹೆಪ್ಪುಗಟ್ಟಿದ ಲಕ್ಷಣ ಇಲ್ಲ ಎಂದು ಖಚಿತ ಮಾಡಿಕೊಂಡೆ. ಬಣ್ಣ ಬದಲಾಗುವುದು, ಬೆವರುವುದು, ಮುಟ್ಟಿದರೆ ಬೆಂಕಿ ಬಿದ್ದಂತೆ ಉರಿಯುವುದು, ಇವುಗಳನ್ನೂ ನೋಡಿದೆ. ಸ್ವಲ್ಪ ಉರಿ ಇತ್ತು, ಉಳಿದದ್ದು ಇರಲಿಲ್ಲ. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ತನಕ ಜೋಮು. ಕೊಯ್ದ ಜಾಗದ ಹತ್ತಿರವೇ ಹೋಗುವ ಸೂರಲ್ ನರಕ್ಕೆ ಎಳೆತ ಆಗಿರುವುದು ಅದರಿಂದ ಗೊತ್ತಾಯಿತು. ಕಲೆ ಒಳಗಿನ ಮಾಂಸಕ್ಕೆ ಅಂಟಿಕೊಂಡಿತ್ತು.

ಪಾದವನ್ನು ಮೇಲಕ್ಕೆ ಎತ್ತಲು ಹೇಳಿದೆ. ಲಂಬ ಕೋನಕ್ಕೂ ಬರಲಿಲ್ಲ, ಐದು ಡಿಗ್ರಿ ಕಡಿಮೆ ಬಿತ್ತು. ಅಂಗಾಲನ್ನು ಒಳಕ್ಕೆ ತಿರುಗಿಸಲು ಹೇಳಿದೆ. ಬಲಗಾಲು 34 ಡಿಗ್ರಿ ತಿರುಗಿತು. ಎಡಗಾಲು 5 ಡಿಗ್ರಿ. ಹೊರಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ದಿನನಿತ್ಯದ ಕೆಲಸದ ಬಗ್ಗೆ 80 ಅಂಕದ ಒಂದು ಪ್ರಶ್ನಾವಳಿ ಇದೆ, ಅದರಲ್ಲಿ ಬಂದಿದ್ದು 12.

34 ಡಿಗ್ರಿ ನೋಡಿ ನಾನು ಒಂದು ಕ್ಷಣ ನಿಲ್ಲಬೇಕಿತ್ತು.  ಇಪ್ಪತ್ಮೂರು ವರ್ಷ ಮರ ಹತ್ತಿದ್ದು ಆ ತಿರುವಿನ ಬಲದಿಂದಲೇ. ನಾನು ಅಂಕಿ ಬರೆದುಕೊಂಡೆ, ಮುಂದಕ್ಕೆ ಹೋದೆ. ಗುರಿಯ ಜಾಗದಲ್ಲಿ "ಕೋಲಿಲ್ಲದೆ ನಡೆಯುವುದು" ಎಂದು ಬರೆದೆ. ಅವರ ಪ್ರಶ್ನೆಗೆ "ಮೊದಲು ನಡೆಯೋಣ ಅಣ್ಣ, ಆಮೇಲೆ ನೋಡೋಣ" ಎಂದೆ.

ಭಾರ ಹಾಕುವ ಮೊದಲು

ಅವರ ಊರಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಬರಲು ಆಗುತ್ತಿರಲಿಲ್ಲ. ಹಾಗಾಗಿ ಎಲ್ಲವೂ ಮನೆಯಲ್ಲೇ ಆಗುವಂತಿರಬೇಕಿತ್ತು. ಒಂಬತ್ತನೇ ತರಗತಿಯ ಮಗಳು ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯುವ ಜವಾಬ್ದಾರಿ ತೆಗೆದುಕೊಂಡಳು.

ಮೊದಲ ಕೆಲಸ ಊತ ಇಳಿಸುವುದು. ಪಾದ ಎದೆಗಿಂತ ಎತ್ತರದಲ್ಲಿರಬೇಕು. ಸುಮ್ನೆ ಸ್ಟೂಲಿನ ಮೇಲೆ ಇಟ್ಟರೆ ಸಾಲದು. ಮಲಗಿ, ಮಡಚಿದ ಎರಡು ಕಂಬಳಿಯ ಮೇಲೆ ಕಾಲಿಟ್ಟು, ಗಂಟೆಗೊಮ್ಮೆ ಮೂವತ್ತು ಸಲ ಪಾದ ಮೇಲೆ ಕೆಳಗೆ ಆಡಿಸುವುದು. ಹತ್ತು ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯಿತು.

ಎರಡನೆಯದು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ನಮ್ಮ ಪುಸ್ತಕಗಳಲ್ಲಿ ಇಂಗ್ಲಿಷ್ ಅಕ್ಷರ ಬರೆಸಿ ಎಂದಿರುತ್ತದೆ. ನಾನು ಕನ್ನಡವನ್ನೇ ಬರೆಸುತ್ತೇನೆ. ನಮ್ಮ ಅಕ್ಷರ ದುಂಡಗಿರುವುದರಿಂದ ಪಾದ ಎಲ್ಲ ದಿಕ್ಕಿಗೂ ಸುತ್ತಲೇಬೇಕು. ಅ, ಆ, ಠ, ಋ. ಆದರೆ ಒಂದು ಎಚ್ಚರಿಕೆ. ಮಂಡಿ, ತೊಡೆ ಆಡಿಸಿ ಅಕ್ಷರ ಬರೆದರೆ ಪಾದಕ್ಕೆ ಏನೂ ಸಿಗುವುದಿಲ್ಲ. ಮಗಳು ಅಪ್ಪನ ಮೊಳಕಾಲು ಹಿಡಿದು ಕೂರುತ್ತಿದ್ದಳು, ಅಲುಗಿದರೆ ಮತ್ತೆ ಮೊದಲಿನಿಂದ.

ನೆಲದ ಮೇಲೆ ಚಾಲಿ (ಒಣಗಿಸಿ ಸುಲಿದ) ಅಡಿಕೆ ಹರಡಿ, ಕಾಲ್ಬೆರಳಿನಿಂದ ಹೆಕ್ಕಿ ಬಟ್ಟಲಿಗೆ ಹಾಕುವುದು ಅವರಿಗೆ ಎಲ್ಲಕ್ಕಿಂತ ಇಷ್ಟವಾದ ವ್ಯಾಯಾಮ. ಕೂತೇ ಮಾಡಬಹುದು, ಭಾರ ಬೀಳುವುದಿಲ್ಲ. ಮೊದಲ ದಿನ ಒಂದೂ ಎತ್ತಲಾಗಲಿಲ್ಲ. ಎರಡು ವಾರಕ್ಕೆ ನಲವತ್ತು ಎತ್ತಿದರು. ಹಿಮ್ಮಡಿಯ ಉರಿಗೆ ಮೊದಲು ಹತ್ತಿಬಟ್ಟೆ, ಆಮೇಲೆ ಟವೆಲ್, ಆಮೇಲೆ ಗೋಣಿತಾಟು ಉಜ್ಜುವುದು. ಕೊನೆಗೆ ಅಕ್ಕಿ ತುಂಬಿದ ಟಬ್ಬಿನಲ್ಲಿ ಪಾದ ಇಟ್ಟು ಆಡಿಸುವುದು. ಗಾಯ ಪೂರ್ತಿ ಮಾಯ್ದ ಮೇಲೆ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅಡ್ಡಡ್ಡ ತೀಡುವುದು.

ಸೊಂಟ, ತೊಡೆಯ ವ್ಯಾಯಾಮವೂ ಇತ್ತು. ಅದರಲ್ಲಿ ವಿಶೇಷ ಏನಿಲ್ಲ. ಏಳು ವಾರ ಮಲಗಿದರೆ ಯಾರಿಗಾದರೂ ಅದು ಬೇಕು.

ಅಡಿಕೆ ತಕ್ಕಡಿ

ಹತ್ತನೇ ವಾರದ ಎಕ್ಸ್‌ರೇ ನೋಡಿ ಸರ್ಜನ್ ಸ್ವಲ್ಪ ಸ್ವಲ್ಪ ಭಾರ ಹಾಕಲು ಒಪ್ಪಿದರು. ಸ್ವಲ್ಪ ಅಂದರೆ ಎಷ್ಟು? ಮಾತಿನಲ್ಲಿ ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಆಗುತ್ತದೆ. ತೂಕದ ಯಂತ್ರದ ಮೇಲೆ ಪಾದ ಊರಿ, ಮುಳ್ಳು ನೋಡಿಕೊಂಡು ಕಲಿಯಬೇಕು. ಅವರ ಮನೆಯಲ್ಲಿ ಯಂತ್ರ ಇಲ್ಲ. ತೋಟದ ಯಜಮಾನರ ಮನೆಯಲ್ಲಿ ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಅದರ ಮೇಲೆ ಎಡಗಾಲು, ಪಕ್ಕದಲ್ಲಿ ಅಷ್ಟೇ ಎತ್ತರದ ಮಣೆಯ ಮೇಲೆ ಬಲಗಾಲು, ಎರಡೂ ಕೈಯಲ್ಲಿ ಊರುಗೋಲು.

ಅವರ ತೂಕ 60 ಕಿಲೋ. ಮೊದಲ ವಾರ 15 ಕಿಲೋ, ಮುಂದಿನ ವಾರ 28, ಆಮೇಲೆ 40, ಆಮೇಲೆ 50. ಹೆದರಿಕೆಯಲ್ಲಿ ಮೊದಲ ದಿನ 4 ಕಿಲೋಗೇ ಕಾಲು ಎತ್ತಿಬಿಟ್ಟರಂತೆ. ಮೂಳೆ ಕೂಡಿದ್ದರೂ ಮನಸ್ಸಿಗೆ ಆ ಬಿದ್ದ ಸದ್ದು ನೆನಪಿರುತ್ತದೆ. ಅದನ್ನು ಬೈದು ಸರಿಮಾಡಲು ಆಗುವುದಿಲ್ಲ, ಅಂಕಿ ತೋರಿಸಿಯೇ ಸರಿಮಾಡಬೇಕು. ಮರುದಿನ 9, ನಾಲ್ಕನೇ ದಿನ 15.

ಇದೇ ಹೊತ್ತಿಗೆ ನಾನು ಕೈಯಿಂದ ಕೀಲು ಸಡಿಲಿಸಲು ಶುರುಮಾಡಿದೆ. ಒಂದು ಕೈ ಟೇಲಸ್ಸನ್ನು ಭದ್ರ ಹಿಡಿಯುತ್ತದೆ, ಇನ್ನೊಂದು ಅಂಗೈ ಹಿಮ್ಮಡಿಯನ್ನು ತುಂಬಿಕೊಂಡು ಒಳಕ್ಕೆ, ಹೊರಕ್ಕೆ ಮೆಲ್ಲಗೆ ಜಾರಿಸುತ್ತದೆ. ತುಕ್ಕು ಹಿಡಿದ ಬೀಗದ ಹಾಗೆ ಇತ್ತು.

ಹದಿನಾಲ್ಕನೇ ವಾರಕ್ಕೆ ಪೂರ್ತಿ ಭಾರ ಹಾಕಿ ಒಂದೇ ಕೋಲಿನಲ್ಲಿ ನಡೆದರು. ಇಷ್ಟು ವರ್ಷ ಬರಿಗಾಲು ಇಲ್ಲವೇ ಹವಾಯಿ ಚಪ್ಪಲಿ. ಈಗ ಒಂದು ಸೈಜು ದೊಡ್ಡ ಕ್ಯಾನ್ವಾಸ್ ಶೂ, ಒಳಗೆ ಸಿಲಿಕೋನ್ ಹಿಮ್ಮಡಿ ಪ್ಯಾಡು. ಮನೆಯ ಶೌಚಾಲಯ ಕುಕ್ಕರಗಾಲಿನದು. ಪಾದ ಮೇಲಕ್ಕೆ ಮಡಚದೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಹಾಗಾಗಿ ತೂತಿರುವ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಿದ್ದರು. ಇಂಥ ಸಣ್ಣ ವಿಷಯಗಳನ್ನು ಕೇಳದೆ ವ್ಯಾಯಾಮದ ಪಟ್ಟಿ ಕೊಟ್ಟರೆ ಏನು ಪ್ರಯೋಜನ, ಹೇಳಿ.

ಡಿಸೆಂಬರಿನ ಪೆಟ್ಟು

ಹದಿನೆಂಟನೇ ವಾರಕ್ಕೆ ಕೋಲು ಬಿಟ್ಟರು. ಸಮ ನೆಲದಲ್ಲಿ ಚೆನ್ನಾಗಿ ನಡೆಯುತ್ತಿದ್ದರು. ನನ್ನ ಪುಸ್ತಕದಲ್ಲಿ ಗುರಿ ಮುಟ್ಟಿತ್ತು. ನಾನು ಖುಷಿಯಾಗಿದ್ದೆ.

ಇಪ್ಪತ್ತನೇ ವಾರ ಪಾದ ಮತ್ತೆ ಊದಿಸಿಕೊಂಡು ಬಂದರು. ಹೊರಗಿಣ್ಣಿನ ಕೆಳಗೆ ಮುಟ್ಟಲು ಬಿಡಲಿಲ್ಲ. ಅವರು ಸುಮ್ಮನಿದ್ದರು, ಹೆಂಡತಿ ಹೇಳಿದರು: "ಮರ ಹತ್ತಿದಾರೆ ಮೇಡಂ. ಯಾರಿಗೂ ಹೇಳದೆ."

ಡಿಸೆಂಬರ್ ಅಂದರೆ ಕೊನೆ ಇಳಿಸುವ ಭರದ ಕಾಲ. ವರ್ಷದ ದುಡಿಮೆಯ ದೊಡ್ಡ ಪಾಲು ಆಗಲೇ ಬರಬೇಕು. ಐದು ತಿಂಗಳಿಂದ ಮನೆಗೆ ಒಂದು ರೂಪಾಯಿ ತಂದಿರಲಿಲ್ಲ. ಒಂದು ಸಣ್ಣ ಮರ ನೋಡಿ ತಳೆ ಹಾಕಿದ್ದಾರೆ. ಹತ್ತಡಿ ಏರುವಷ್ಟರಲ್ಲಿ ಪಾದದ ಹೊರಬದಿಯಲ್ಲಿ ಏನೋ ಕಿತ್ತಂತೆ ಆಗಿ ಇಳಿದುಬಿಟ್ಟಿದ್ದಾರೆ.

ಎಕ್ಸ್‌ರೇಯಲ್ಲಿ ಪ್ಲೇಟು, ಸ್ಕ್ರೂ ಸರಿಯಾಗಿದ್ದವು. ಪೆಟ್ಟಾಗಿದ್ದು ಪೆರೋನಿಯಲ್ ಸ್ನಾಯುರಜ್ಜುಗಳಿಗೆ. ಅವು ಹೊರಗಿಣ್ಣಿನ ಹಿಂದಿನಿಂದ ಕೆಳಗೆ ಸುತ್ತಿ ಬರುತ್ತವೆ. ಹಿಮ್ಮಡಿ ಅಗಲವಾಗಿ, ಕಲೆ ಅಂಟಿಕೊಂಡ ಜಾಗದಲ್ಲಿ ಅವಕ್ಕೆ ಓಡಾಡಲು ಜಾಗ ಕಡಿಮೆ. ಅದರ ಮೇಲೆ ಎಳೆತ ಬಿದ್ದಿತ್ತು.

ಆ ದಿನ ನಾನು ಮೊದಲ ದಿನ ಮಾಡಬೇಕಿದ್ದ ಕೆಲಸ ಮಾಡಿದೆ. ನಮ್ಮ ಜಗಲಿಯಲ್ಲಿ ಒಂದು ಮರದ ಕಂಬ ಇದೆ. ಅದರ ಮುಂದೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ಅಣ್ಣ, ಮರ ಹತ್ತುವಾಗ ಪಾದ ಹೇಗಿಡ್ತೀರಿ ಅಂತ ತೋರಿಸಿ, ಭಾರ ಹಾಕಬೇಡಿ" ಎಂದೆ. ಎರಡೂ ಪಾದವನ್ನು ಕಂಬದ ಎರಡು ಬದಿಗೆ ತಂದರು. ಬಲ ಅಂಗಾಲು ಒಳಕ್ಕೆ ತಿರುಗಿ ಕಂಬವನ್ನು ಅಂಗೈಯಂತೆ ಅಪ್ಪಿತು. ಎಡಪಾದ ತಿರುಗಲೇ ಇಲ್ಲ. ಅದರ ಒಳ ಅಂಚು ಮಾತ್ರ ಕಂಬಕ್ಕೆ ತಾಗಿತ್ತು. ಅಂಗಾಲು ತಾಗಿಸಲು ಮಂಡಿಯನ್ನು ಹೊರಕ್ಕೆ ಕೆಡವಿ, ಮೊಳಕಾಲನ್ನೇ ತಿರುಚುತ್ತಿದ್ದರು.

ಆಗ ನನಗೆ ಪೂರ್ತಿ ಅರ್ಥವಾಯಿತು. ನೆಲದ ಮೇಲೆ ನಡೆಯುವ ನಮಗೆ ಪಾದ ಮೇಲೆ ಕೆಳಗೆ ಆಡಿದರೆ ಮುಕ್ಕಾಲು ಕೆಲಸ ಆಯಿತು. ಮರ ಹತ್ತುವವರಿಗೆ ಮುಖ್ಯ ಒಳಕ್ಕೆ ತಿರುಗುವುದು. ಅವರ ಹಿಡಿತ ಇರುವುದು ಸಬ್‌ಟೇಲಾರ್ ಕೀಲಿನಲ್ಲಿ. ಹಿಮ್ಮಡಿ ಮುರಿದಾಗ ಹಾಳಾಗುವುದೂ ಅದೇ ಕೀಲು. ಅಂದರೆ ಬೇರೆ ಯಾವ ಕೆಲಸದವರಿಗಿಂತಲೂ ಕೊನೆಗೌಡರಿಗೆ ಈ ಮುರಿತ ದುಬಾರಿ. ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ, ಅವರ ಪಾದದಲ್ಲೇ ಇತ್ತು.

ಆ ದಿನದ ತಿರುವು 12 ಡಿಗ್ರಿ. 5ರಿಂದ 12ಕ್ಕೆ ಬಂದಿದ್ದು ಒಳ್ಳೆಯ ಸುಧಾರಣೆಯೇ. ಆದರೆ ಬೇಕಿದ್ದದ್ದು 34. ಕೀಲಿನ ಮೇಲ್ಮೈ ಒಮ್ಮೆ ಒಡೆದ ಮೇಲೆ ಅದು ಮೊದಲಿನಂತೆ ಆಗುವುದಿಲ್ಲ. ನಾನು ಅವರ ಪಕ್ಕದಲ್ಲಿ ಕೂತು ನೇರವಾಗಿ ಹೇಳಿದೆ. "ಅಣ್ಣ, ವ್ಯಾಯಾಮ ಎಷ್ಟು ಮಾಡಿದರೂ ಈ ಪಾದ ಮರವನ್ನು ಮೊದಲಿನ ಹಾಗೆ ಹಿಡಿಯೋದಿಲ್ಲ. ಮತ್ತೆ ಹತ್ತಬೇಡಿ. ಇದನ್ನ ನಾನು ಮೊದಲೇ ಹೇಳಬೇಕಿತ್ತು."

ಅವರು ಬಹಳ ಹೊತ್ತು ಕಂಬ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು: "ಹಂಗಾದ್ರೆ ನಾನು ಏನ್ ಮಾಡ್ಲಿ?"

ದೋಟಿ

ಉತ್ತರ ಬಂದಿದ್ದು ತೋಟದ ಯಜಮಾನರಿಂದ. ಕೆಲವು ವರ್ಷಗಳಿಂದ ಅಡಿಕೆ ಸೀಮೆಯಲ್ಲಿ ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದ ಕೋಲು, ಬಂದಿದೆ. ಹಗುರ, ಒಂದರೊಳಗೊಂದು ಜಾರಿಸಿ ಉದ್ದ ಮಾಡಬಹುದು. ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ಬೆಲೆ ಜಾಸ್ತಿ, ಕೂಲಿಯವರಿಗೆ ಕೊಳ್ಳಲು ಆಗುವುದಿಲ್ಲ. ಯಜಮಾನರು ತಾವೇ ಕೊಂಡು, ಇವರನ್ನು ಕಲಿಯಲು ಕಳಿಸುವುದಾಗಿ ಹೇಳಿದರು.

ನಾನು ಈ ಸಲ ಮೊದಲು ತೋಟಕ್ಕೆ ಹೋಗಿ ದೋಟಿ ಹಿಡಿದವರನ್ನು ನೋಡಿ ಬಂದೆ. ಎಷ್ಟೊಂದು ಕೆಲಸ ಪಾದಕ್ಕೆ! ತಲೆ ಮೇಲೆತ್ತಿ ನಲವತ್ತು, ಐವತ್ತು ಅಡಿ ಎತ್ತರದ ತುದಿ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಕು. ಕಣ್ಣು ನೆಲದ ಮೇಲಿಲ್ಲ. ನೆಲ ಇಳಿಜಾರು. ಬಸಿಗಾಲುವೆ ದಾಟಬೇಕು. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಲುಸಂಕ (ಸಣ್ಣ ಕಾಲುಸೇತುವೆ) ಇದೆ, ಅಡಿಕೆ ಮರ ಸೀಳಿದ ಎರಡು ದಬ್ಬೆ ಅಷ್ಟೇ. ಸಬ್‌ಟೇಲಾರ್ ಕೀಲು ಬಿಗಿಯಾದವರಿಗೆ ಕಷ್ಟವಾಗುವುದೇ ಇಂಥ ಏರುಪೇರಿನ ನೆಲ.

ಮೂರು ವಾರ ಸ್ನಾಯುರಜ್ಜುಗಳಿಗೆ ವಿಶ್ರಾಂತಿ ಕೊಟ್ಟೆ. ಆಮೇಲೆ ರಬ್ಬರ್ ಪಟ್ಟಿ ಎಳೆದು ಪಾದವನ್ನು ಹೊರಕ್ಕೆ ತಳ್ಳುವುದರಿಂದ ಮತ್ತೆ ಶುರು. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು. ಆರನೇ ತಿಂಗಳ ಕೊನೆಯಲ್ಲಿ ಎಡಗಾಲು ಒಂದರಲ್ಲೇ 3 ಸಲ ಎತ್ತಿದರು, ಬಲಗಾಲಿನಲ್ಲಿ 26. ಒಂಟಿಕಾಲಲ್ಲಿ ನಿಲ್ಲುವುದು ಮೊದಲು ನೆಲದ ಮೇಲೆ, ಆಮೇಲೆ ಮಡಚಿದ ಗೋಣಿಚೀಲದ ಮೇಲೆ, ಆಮೇಲೆ ತಲೆ ಮೇಲೆತ್ತಿ. ತಲೆ ಎತ್ತಿದ ತಕ್ಷಣ ಎರಡೇ ಸೆಕೆಂಡಿಗೆ ಕಾಲು ಊರುತ್ತಿದ್ದರು. ಆಮೇಲೆ ಹನ್ನೆರಡು ಅಡಿಯ ಬಿದಿರಿನ ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ, ಅದನ್ನು ನೆಟ್ಟಗೆ ಹಿಡಿದು ಅಂಗಳದಲ್ಲಿ ಹಿಂದೆ, ಪಕ್ಕಕ್ಕೆ ನಡೆಯುವುದು. ಕೊನೆಗೆ ಅದೇ ಬಿದಿರು ಹಿಡಿದು ತೋಟದ ಇಳಿಜಾರಿನಲ್ಲಿ.

ಕಾಲುಸಂಕಕ್ಕೆ ಬೇರೆಯದೇ ಅಭ್ಯಾಸ. ಅಂಗಳದಲ್ಲಿ ಒಂದು ದಬ್ಬೆ ನೆಲಕ್ಕೇ ಇಟ್ಟು ನಡೆಸಿದೆವು. ಪಾದ ಬಳುಕದಿದ್ದರೆ ಸಮತೋಲವನ್ನು ಸೊಂಟದಿಂದ ಹಿಡಿಯಬೇಕು, ಹೆಜ್ಜೆ ಸಣ್ಣದಾಗಬೇಕು. ಇದು ಮೊದಲಿನ ನಡಿಗೆಯನ್ನು ವಾಪಸು ತರುವುದಲ್ಲ, ಬೇರೆ ನಡಿಗೆ ಕಲಿಯುವುದು. ಒಂಬತ್ತನೇ ತಿಂಗಳಲ್ಲಿ ನಿಜವಾದ ಸಂಕವನ್ನು ಯಾರ ಕೈಯನ್ನೂ ಹಿಡಿಯದೆ ದಾಟಿದರು.

ಆ ಹೊತ್ತಿನ ಅಳತೆಗಳು ಹೀಗಿದ್ದವು. ಪಾದ ಮೇಲಕ್ಕೆ 12 ಡಿಗ್ರಿ, ಬಲಗಾಲಲ್ಲಿ 18. ಒಳಕ್ಕೆ ತಿರುಗುವುದು 16 ಡಿಗ್ರಿ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು 12 ಸಲ. ಕಣ್ಣು ತೆರೆದು ಒಂಟಿಕಾಲಲ್ಲಿ ನಿಲ್ಲುವುದು 24 ಸೆಕೆಂಡ್. ಪ್ರಶ್ನಾವಳಿಯಲ್ಲಿ 80ಕ್ಕೆ 58. ಕುಕ್ಕರಗಾಲಲ್ಲಿ ಕೂರುತ್ತಿದ್ದರು, ಹಿಮ್ಮಡಿ ಸ್ವಲ್ಪ ಎತ್ತಿಕೊಂಡು. ಪ್ಲಾಸ್ಟಿಕ್ ಕುರ್ಚಿ ಮನೆಯ ಹಿಂದೆ ಹೋಯಿತು.

ಒಂದು ವರ್ಷಕ್ಕೆ

ಮುಂದಿನ ಜುಲೈನಲ್ಲಿ ಅವರು ದೋಟಿಯಲ್ಲಿ ಔಷಧಿ ಹೊಡೆಯುತ್ತಿದ್ದರು. ನೋಡಲು ಹೋಗಿದ್ದೆ. ಮಧ್ಯಾಹ್ನದ ತನಕ ಸಲೀಸು. ಆಮೇಲೆ ಎಡಗಾಲು ಸ್ವಲ್ಪ ಎಳೆಯುತ್ತದೆ. ಸಂಜೆಗೆ ಹೊರಗಿಣ್ಣಿನ ಕೆಳಗೆ ಊತ. ರಾತ್ರಿ ಕಂಬಳಿಯ ಮೇಲೆ ಕಾಲಿಟ್ಟು ಮಲಗಿದರೆ ಬೆಳಿಗ್ಗೆಗೆ ಇಳಿಯುತ್ತದೆ. ಹಿಮ್ಮಡಿ ಎತ್ತುವುದು 17 ಸಲಕ್ಕೆ ಬಂದಿದೆ. ಒಳ ತಿರುವು 17 ಡಿಗ್ರಿಯಲ್ಲಿ ನಿಂತಿದೆ, ಇನ್ನು ಮುಂದೆ ಹೋಗುವ ನಂಬಿಕೆ ನನಗಿಲ್ಲ. ಕಿರುಬೆರಳಿನ ಜೋಮು ಹಾಗೇ ಇದೆ.

ಮುಂದೆ ಈ ಕೀಲಿನಲ್ಲಿ ಸವೆತ ಬರಬಹುದು. ನೋವು ತೀರಾ ಹೆಚ್ಚಾದರೆ ಎರಡೂ ಮೂಳೆಯನ್ನು ಬೆಸೆಯುವ ಆಪರೇಷನ್ ಇದೆ. ಹಾಗೆ ಮಾಡಿದರೆ ಸಾಮಾನ್ಯವಾಗಿ ನೋವು ಕಡಿಮೆಯಾಗುತ್ತದೆ, ಆದರೆ ಉಳಿದಿರುವ ತಿರುವೂ ಹೋಗುತ್ತದೆ. ಇದನ್ನೂ ಅವರಿಗೆ ಈಗಲೇ ಹೇಳಿದ್ದೇನೆ. ಬೀಡಿ ಬಿಟ್ಟವರು ಮತ್ತೆ ಮುಟ್ಟಿಲ್ಲ.

ನಮ್ಮ ಕ್ಲಿನಿಕ್ಕಿನ ಮೊದಲ ದಿನದ ಹಾಳೆಯಲ್ಲಿ ಈಗ ಒಂದು ಸಾಲು ಸೇರಿಸಿದ್ದೇನೆ: "ನಿಮ್ಮ ಕೆಲಸದಲ್ಲಿ ಪಾದ ಏನು ಮಾಡುತ್ತದೆ? ತೋರಿಸಿ." ಕಳೆದ ತಿಂಗಳು ಬಂದ ಗಾರೆ ಕೆಲಸದವರೊಬ್ಬರು ಏಣಿಯ ಮೇಲೆ ನಿಲ್ಲುವ ಬಗೆ ತೋರಿಸಿದರು, ನೇಯ್ಗೆಯವರೊಬ್ಬರು ಮಗ್ಗದ ತುಳಿಗೆ ತುಳಿಯುವ ಬಗೆ ತೋರಿಸಿದರು.

ಕೊನೆಗೌಡರಿಗೆ ಅಕ್ಟೋಬರಿನಲ್ಲಿ ಮತ್ತೆ ಬರಲು ಹೇಳಿದ್ದೇನೆ. ಆಗ ಕೊನೆ ಇಳಿಸುವ ಕೆಲಸ ಶುರುವಾಗಿರುತ್ತದೆ. ದಿನವಿಡೀ ದೋಟಿ ಹಿಡಿದ ಮೇಲೆ ಪಾದ ಎಷ್ಟು ಊದುತ್ತದೆ ಎಂದು ಪ್ರತಿ ಸಂಜೆ ಟೇಪಿನಲ್ಲಿ ಅಳೆದು ಬರೆದಿಡುವ ಕೆಲಸ ಮಗಳದು. ಹಳೆಯ ನೋಟ್‌ಬುಕ್ ತುಂಬಿದೆ, ಹೊಸದು ತಂದಿದ್ದಾಳೆ.